ಅವಳು ಹೋದ ಹಿಂದೆ ಗುಡಿಸಿದ್ದು

ನನ್ನ ಮೊಮ್ಮಗಳು ಫುಟ್‌ಬಾಲ್ ಆಡಲು ಮೊದಲ ಸಲ ಹೊರದೇಶಕ್ಕೆ ಹೊರಟ ದಿನ, ಅವಳ ಕಾರು ಬೀದಿಯ ತಿರುವು ದಾಟುವ ಮೊದಲೇ ಮನೆಯಲ್ಲಿ ಕಸ ಗುಡಿಸಲು ಶುರುವಾಗಿತ್ತು. ಗುಡಿಸಿದ್ದು ನಾನಲ್ಲ. ಗುಡಿಸುವುದೇ ನನ್ನ ಕಸುಬಾಗಿತ್ತು, ಹಾಗಾಗಿ ಇದನ್ನು ಮೊದಲೇ ಹೇಳಿಬಿಡಬೇಕು.

ಬೆಂಗಳೂರಿನ ಒಂದು ಮದುವೆ ಛತ್ರದಲ್ಲಿ ಇಪ್ಪತ್ತೆರಡು ವರ್ಷ ಕಸ ಹೊಡೆದಿದ್ದೇನೆ. ಓದಿದ್ದು ಮೂರನೇ ಕ್ಲಾಸು. ಪ್ರಯಾಣ ಹೊರಟವರು ಹೊಸಿಲು ದಾಟಿದ ಕೂಡಲೇ ಪೊರಕೆ ಮುಟ್ಟಬಾರದು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಹೋದವರ ಬೆನ್ನಿಗೇ ಗುಡಿಸುವುದು, ನೆಲ ಒರೆಸುವುದು, ತಲೆಗೆ ನೀರು ಹಾಕಿಕೊಳ್ಳುವುದು, ಇದೆಲ್ಲ ಹೆಣ ಎತ್ತಿದ ಮನೆಯಲ್ಲಿ ಮಾಡುವ ಕೆಲಸ. ಇನ್ನು ತಿರುಗಿ ಬರಬಾರದವರ ಹಿಂದೆ ಮಾಡುವ ಕೆಲಸ. ಛತ್ರದಲ್ಲಿ ಮದುಮಗಳನ್ನು ಕಾರಿಗೆ ಹತ್ತಿಸಿದ ಮೇಲೆ ನಾವು ನಾಲ್ಕು ಜನ ಹೆಂಗಸರು ಪೊರಕೆ ಹಿಡಿದು ಬಾಗಿಲ ಹಿಂದೆ ನಿಂತಿರುತ್ತಿದ್ದೆವು. ಕಾರು ಪೆಟ್ರೋಲ್ ಬಂಕ್ ದಾಟುವವರೆಗೆ ಒಂದು ಅಕ್ಷತೆ ಕಾಳನ್ನೂ ಅಲುಗಾಡಿಸುತ್ತಿರಲಿಲ್ಲ.

"ಏಯ್, ಏನ್ ದೇವರ ಧ್ಯಾನನಾ? ಸಾಯಂಕಾಲ ಇನ್ನೊಂದ್ ರಿಸೆಪ್ಷನ್ ಐತೆ, ಗುಡಿಸ್ರೇ!" ಎಂದು ಮ್ಯಾನೇಜರ್ ಅರಚುತ್ತಿದ್ದ.

"ನಿಮ್ ಮಗಳ ಮದುವೇಲಿ ಹಂಗೇ ಮಾಡ್ತೀವಿ, ಇರಿ ಸಾರ್," ಎಂದು ನಾನು ಹೇಳಿದ ಮೇಲೆ ಅವನು ಆ ಮಾತು ಎತ್ತಲಿಲ್ಲ.

ಮಗಳು ನರ್ಸು. ಡಬ್ಲಿನ್ ಹತ್ತಿರದ ನೇಸ್ ಊರಿನ ಆಸ್ಪತ್ರೆಯಲ್ಲಿ ಕೆಲಸ. ಅಳಿಯ ಕಂಪ್ಯೂಟರಿನವನು, ದಿನಾ ಸ್ಯಾಲಿನ್ಸ್ ಸ್ಟೇಷನ್ನಿನಲ್ಲಿ ಡಬ್ಲಿನ್ ರೈಲು ಹಿಡಿಯುತ್ತಾನೆ. ನಾನು ಬಾಣಂತನಕ್ಕೆ ಬಂದೆ, ಹೋದೆ, ಮತ್ತೆ ಬಂದೆ, ಗಂಡ ಸತ್ತ ಮೇಲೆ ಇಲ್ಲೇ ಉಳಿದೆ. ಆ ಬಾಣಂತನದಲ್ಲಿ ಹುಟ್ಟಿದವಳೇ ಈ ಮೊಮ್ಮಗಳು, ಒಬ್ಬಳೇ. ನಮ್ಮ ಬಡಾವಣೆಯ ನಡುವೆ ಒಂದು ಹುಲ್ಲು ಬಯಲು, ಅದರ ಮೂಲೆಯಲ್ಲಿ ಇಲ್ಲಿ ಚೆಂಡಾಟ ಆಡಬಾರದು ಎಂಬ ಬೋರ್ಡು. ಆ ಬೋರ್ಡಿನ ಕಂಬವನ್ನೇ ಗೋಲು ಮಾಡಿಕೊಂಡು ಬೆಳೆದಳು. ಡಬ್ಲಿನ್ನಿನ ಒಂದು ಕ್ಲಬ್ಬಿಗೆ ಸೇರಿದಳು. ಎಡಗಡೆ ಹಿಂದೆ ನಿಂತು, ಗೋಲು ಹೊಡೆಯಲು ಬರುವವರ ಕಾಲಿಗೆ ಅಡ್ಡ ಬೀಳುವುದು ಅವಳ ಕೆಲಸ. ಅಂಥವರ ಹೆಸರು ಟೀವಿಯಲ್ಲಿ ತಪ್ಪು ಮಾಡಿದಾಗ ಮಾತ್ರ ಕೇಳಿಸುತ್ತದೆ. ನನಗೆ ಅದು ಹಿಡಿಸಿತು. ಛತ್ರದಲ್ಲಿ ನಮ್ಮ ಹೆಸರೂ ಹಾಗೆಯೇ.

ಹತ್ತೊಂಬತ್ತಕ್ಕೆ ಐಸ್‌ಲ್ಯಾಂಡಿನ ಕ್ಲಬ್ಬೊಂದು ಕರೆಯಿತು. ಒಂದು ವರ್ಷದ ಕಾಂಟ್ರ್ಯಾಕ್ಟು. ಫೆಬ್ರವರಿಯ ಒಂದು ಮಧ್ಯಾಹ್ನ ಮೂವರೂ ಕಾರು ಹತ್ತಿ ಏರ್‌ಪೋರ್ಟಿಗೆ ಹೊರಟರು. ಕಾರಿನಲ್ಲಿ ನನಗೆ ವಾಂತಿ ಬರುತ್ತದೆ, ಮನೆಯಲ್ಲೇ ಉಳಿದೆ. ಬಾಗಿಲು ಹಾಕಿಕೊಂಡು ಸೋಫಾದ ಮೇಲೆ ಕೂತೆ. ಅಷ್ಟರಲ್ಲಿ ಮೂಲೆಯಿಂದ ಪೀಪ್ ಎಂದು ಸದ್ದು ಬಂತು.

ಅದರ ಹಿಂದಿನ ಕ್ರಿಸ್‌ಮಸ್ಸಿಗೆ ಅಳಿಯ ಒಂದು ಗುಡಿಸುವ ಮಿಷಿನ್ ತಂದಿದ್ದ. ದುಂಡಗೆ, ಚಪ್ಪಟೆಯಾಗಿ, ತನ್ನಷ್ಟಕ್ಕೆ ತಾನೇ ಓಡಾಡುವಂಥದ್ದು. ನಾನು ಅದನ್ನು ಆಮೆ ಎನ್ನುತ್ತೇನೆ. ಮನೆಯವರ ಮೂರೂ ಫೋನುಗಳು ಮನೆಯಿಂದ ಆಚೆ ಹೋದವೆಂದರೆ ಮನೆ ಖಾಲಿ ಎಂದು ತಿಳಿದು ತಾನೇ ಶುರುಮಾಡುವ ಹಾಗೆ ಅವನು ಅದಕ್ಕೆ ಹೇಳಿಕೊಟ್ಟಿದ್ದ. ನನ್ನದು ಹಳೇ ಫೋನು, ಆ ಲೆಕ್ಕಕ್ಕೆ ಸೇರಿರಲಿಲ್ಲ. "ನೀವು ಕಾಲು ಮೇಲೆತ್ಕೊಂಡು ಕೂತ್ಕೊಳ್ಳಿ ಅತ್ತೆ, ಅದು ಸುತ್ಕೊಂಡು ಹೋಗುತ್ತೆ," ಎಂದಿದ್ದ. ದಿನಾ ಅವರು ಕೆಲಸಕ್ಕೆ ಹೋದಾಗ ಅದು ಓಡಾಡುತ್ತಿತ್ತು, ನಾನು ಅದರ ಬಗ್ಗೆ ಯೋಚನೆ ಮಾಡಿರಲಿಲ್ಲ. ಕೆಲಸಕ್ಕೆ ಹೋಗುವುದು ಪ್ರಯಾಣವಲ್ಲ.

ಅವತ್ತು ಅದು ಮೂಲೆ ಬಿಟ್ಟು ನೇರ ಮುಂಬಾಗಿಲಿಗೆ ಹೋಯಿತು. ಅವಳು ಈಗ ತಾನೇ ಬೂಟು ಹಾಕಿಕೊಂಡು ಎದ್ದ ಜಾಗ. ಅಲ್ಲಿಂದ ಹಿಂದಕ್ಕೆ ತಿರುಗಿ, ಅವಳು ಬ್ಯಾಗು ಎಳೆದುಕೊಂಡು ಬಂದ ದಾರಿಯಲ್ಲೇ, ಅಡುಗೆಮನೆಯ ಪಕ್ಕದ ಅವಳ ರೂಮಿಗೆ ಹೋಯಿತು. ಮಂಚದ ಕಾಲಿಗೆ ಟಕ್ ಟಕ್ ಎಂದು ಬಡಿಯುವುದು ಕೇಳಿಸುತ್ತಿತ್ತು. ಆ ಮಿಷಿನ್ನಿನ ಪ್ರಕಾರ ಮನೆಯಲ್ಲಿ ಯಾರೂ ಇಲ್ಲ. ನಾನು ಕಾಲೆತ್ತಿಕೊಂಡು ಕೂತಿದ್ದೆ. ಎದ್ದು ಹಿಡಿಯಬೇಕೆಂದು ಹೊಳೆದದ್ದು ಎಲ್ಲ ಮುಗಿದ ಮೇಲೆ.

ಅದರ ಹೊಟ್ಟೆ ಬಿಚ್ಚಿ ನೋಡಿದೆ. ಅವಳ ಕೂದಲು, ಒಂದು ಒಣಗಿದ ಹುಲ್ಲಿನ ಎಸಳು, ಮತ್ತೆ ಒಂದು ಹಿಡಿ ಕರಿ ರಬ್ಬರ್ ಕಾಳು. ಇಲ್ಲಿ ಪ್ಲಾಸ್ಟಿಕ್ ಹುಲ್ಲಿನ ಮೈದಾನದಲ್ಲಿ ಈ ಕಾಳು ಸುರಿದಿರುತ್ತಾರೆ. ಆಡುವವರ ಕಾಲುಚೀಲದಲ್ಲಿ, ಕಿವಿಯಲ್ಲಿ ಸಹ ಸೇರಿಕೊಂಡು ಮನೆಗೆ ಬರುತ್ತದೆ. ಎಲ್ಲವನ್ನೂ ಅವಳ ರೂಮಿಗೆ ತೆಗೆದುಕೊಂಡು ಹೋಗಿ, ಮಂಚದ ಪಕ್ಕ ಕಾರ್ಪೆಟ್ಟಿನ ಮೇಲೆ ಸುರಿದು ಕೈಯಿಂದ ಉಜ್ಜಿ ಒಳಗೆ ಇಳಿಸಿದೆ. ಗುಡಿಸಿದ್ದನ್ನು ಇದ್ದಲ್ಲಿಗೇ ಹಾಕಿದರೆ ಗುಡಿಸಿದ ಹಾಗಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಹಾಗೆಂದುಕೊಂಡೆ. ಮಗಳಿಗೆ ಹೇಳಲಿಲ್ಲ. ಅಂಥದ್ದನ್ನು ಬಾಯಲ್ಲಿ ಆಡಿದರೆ ಇನ್ನೂ ಕೆಟ್ಟದ್ದು.

ಅಕ್ಟೋಬರಿನಲ್ಲಿ ಅವಳು ಬಂದಳು. ಕೈಕಾಲು ನೆಟ್ಟಗಿತ್ತು. ನನಗೆ ಅಷ್ಟೇ ಬೇಕಾಗಿದ್ದುದು.

"ಯಾಕೇ, ಇನ್ನೊಂದ್ ವರ್ಷ ಇರು ಅನ್ಲಿಲ್ವಾ?"

"ಟೀಮು ಕೆಳಗಿನ ಡಿವಿಷನ್‌ಗೆ ಬಿತ್ತು ಅಜ್ಜಿ. ಹೊರಗಿನವ್ರನ್ನೆಲ್ಲ ಕಳಿಸಿದ್ರು. ಇಟ್ಸ್ ಗ್ರ್ಯಾಂಡ್." ಅವಳ ಕನ್ನಡಕ್ಕೆ ಇಲ್ಲಿಯವರ ರಾಗ. ಗ್ರ್ಯಾಂಡ್ ಎಂದರೆ ಇಲ್ಲಿ ಚೆನ್ನಾಗಿದೆ ಎಂದಲ್ಲ, ಇನ್ನು ಕೇಳಬೇಡ ಎಂದು.

ಜನವರಿಯಲ್ಲಿ ಸ್ವೀಡನ್. ಈ ಸಲ ನಾನು ಕಾದಿದ್ದೆ. ಕಾರು ಹೊರಟ ಕೂಡಲೇ ಆಮೆಯನ್ನು ಎತ್ತಿ ಅಂಗಾತ ಹಾಕಿದೆ. ಅದು ಚಕ್ರ ತಿರುಗಿಸಿತು, ನಿಂತಿತು, ಆಮೇಲೆ ಹೆಂಗಸಿನ ದನಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿತು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಹೇಳಿತು. ಮಧ್ಯಾಹ್ನವೆಲ್ಲ ಹಾಗೇ ಹೇಳುತ್ತಿತ್ತು. ನಾನು ಮೇಲೆ ಒಂದು ದಿಂಬು ಇಟ್ಟೆ. ಬಾಗಿಲ ಬಳಿ ಅವಳ ಬೂಟಿನಿಂದ ಉದುರಿದ್ದ ಕರಿ ಕಾಳನ್ನು ಬೆರಳಿನಿಂದ ಆರಿಸಿ ಅವಳ ರೂಮಿನ ಅದೇ ಜಾಗಕ್ಕೆ ಹಾಕಿದೆ. ಇರಲಿ, ಮನೆಯಲ್ಲೇ ಇರಲಿ ಎಂದು.

ಆ ಬೇಸಗೆಯಲ್ಲೇ ಇರಬೇಕು, ಅಳಿಯ ಫೋನು ಹಿಡಿದುಕೊಂಡು ಬಂದ.

"ಅತ್ತೆ, ಅವಳ ರೂಮಲ್ಲಿ ನೆಲದ ಮೇಲೆ ಏನಾದ್ರೂ ಇಟ್ಟಿದ್ದೀರಾ?"

"ಏನಿಲ್ವಲ್ಲಪ್ಪ."

"ಇಲ್ ನೋಡಿ." ಫೋನಿನಲ್ಲಿ ಮನೆಯ ನಕ್ಷೆ ಇತ್ತು. ಮಿಷಿನ್ ತಾನು ತಿರುಗಿದ ಜಾಗವನ್ನೆಲ್ಲ ಬಿಳಿ ಗೆರೆಯಲ್ಲಿ ಬರೆದುಕೊಳ್ಳುತ್ತದಂತೆ. ಅವಳ ರೂಮಿನಲ್ಲಿ, ಮಂಚದ ಪಕ್ಕದಲ್ಲಿ, ಒಂದು ದಿಂಬಿನಷ್ಟು ಜಾಗ ಬೂದು ಬಣ್ಣಕ್ಕಿತ್ತು. "ಇಲ್ಲಿಗೆ ಹೋಗ್ತಾನೇ ಇಲ್ಲ. ಏನೋ ಅಡ್ಡ ಇದೆ ಅಂತ ಸುತ್ಕೊಂಡ್ ಬರ್ತಿದೆ."

ಇಬ್ಬರೂ ಹೋಗಿ ನೋಡಿದೆವು. ಏನೂ ಇರಲಿಲ್ಲ. ಅವನು ಮಿಷಿನ್ನಿನ ಕಣ್ಣನ್ನು ಬಟ್ಟೆಯಿಂದ ಒರೆಸಿದ. "ಕಾರ್ಪೆಟ್ ಕಪ್ಪಲ್ವಾ, ಗುಂಡಿ ಅನ್ಕೊಂಡಿರುತ್ತೆ," ಎಂದ. ರೂಮಿನ ಕಾರ್ಪೆಟ್ಟೆಲ್ಲ ಒಂದೇ ಬಣ್ಣ.

ಸ್ವೀಡನ್ನಿನಿಂದ ನವೆಂಬರಿನಲ್ಲಿ ಬಂದಳು. ಕೋಚ್ ಬದಲಾದ, ಹೊಸಬ ತನ್ನವರನ್ನು ತಂದ. ಅವಳು ಕೊನೆಯ ಮೂರು ತಿಂಗಳು ಬೆಂಚಿನ ಮೇಲೆ ಕೂತಿದ್ದಳು. ಆಮೇಲೆ ಎಂಟು ತಿಂಗಳು ಮತ್ತೆ ಡಬ್ಲಿನ್ನಿನ ಹಳೇ ಕ್ಲಬ್ಬು, ಸಂಜೆ ಒಬ್ಬಳೇ ಬಯಲಿನಲ್ಲಿ ಓಟ. ಆಗಸ್ಟಿನಲ್ಲಿ ಇಟಲಿ ಕರೆಯಿತು. ಎರಡು ವರ್ಷದ ಕಾಂಟ್ರ್ಯಾಕ್ಟು. ಮಗಳು ಕುಣಿದಾಡಿದಳು. ನಾನು ಆಮೆಯನ್ನು ಅಂಗಾತ ಹಾಕಿದೆ, ಕಾಳು ಆರಿಸಿದೆ, ಹಾಕಿದೆ.

ಇಟಲಿಯಲ್ಲಿ ಅವಳು ನಿಜವಾಗಿ ಆಡಿದಳು. ಭಾನುವಾರ ಅಳಿಯ ಲ್ಯಾಪ್‌ಟಾಪಿನಲ್ಲಿ ಹಾಕಿಕೊಡುತ್ತಿದ್ದ. ಅವಳ ಹೆಸರು ಕೇಳಿಸುತ್ತಿರಲಿಲ್ಲ, ಅಂದರೆ ಎಲ್ಲ ಸರಿಯಿತ್ತು. ನಕ್ಷೆಯಲ್ಲಿ ಮಾತ್ರ ಆ ಬೂದು ಜಾಗ ಉದ್ದವಾಗಿತ್ತು. ಒಬ್ಬರು ಮಗ್ಗುಲಾಗಿ ಮಲಗಿದಷ್ಟು. ಅಳಿಯ ಹೊಸ ಮಿಷಿನ್ ತಂದ, ಬೇರೆ ಕಂಪನಿಯದು. ಅದೂ ಎರಡನೇ ದಿನಕ್ಕೆ ಅದೇ ಜಾಗಕ್ಕೆ ಬಂದು ನಿಂತು, ಯೋಚನೆ ಮಾಡಿದ ಹಾಗೆ ಮಾಡಿ, ಹಿಂದಕ್ಕೆ ಹೋಯಿತು. ಅವನು ಫೋನು ಜೇಬಿಗೆ ಹಾಕಿಕೊಂಡ. ಆಮೇಲೆ ಆ ನಕ್ಷೆಯನ್ನು ನನಗೆ ತೋರಿಸಲೇ ಇಲ್ಲ.

ಮಾರ್ಚಿನ ಒಂದು ಭಾನುವಾರ ಅವಳ ಹೆಸರು ಕೇಳಿಸಿತು. ಯಾರೂ ಮುಟ್ಟಿರಲಿಲ್ಲ. ಓಡುತ್ತಿದ್ದವಳು ತಿರುಗಿದಳು, ಮೈ ತಿರುಗಿತು, ಮಂಡಿ ತಿರುಗಲಿಲ್ಲ. ಮಂಡಿಯೊಳಗಿನ ಲಿಗಮೆಂಟ್ ಹರಿದಿದೆ ಎಂದರು. ಕ್ಲಬ್ಬಿನವರು ಎರಡನೇ ವರ್ಷ ಬೇಡ ಎಂದು ಕಾಗದ ಮಾಡಿ ಕಳಿಸಿದರು. ಡಬ್ಲಿನ್ನಿನಲ್ಲಿ ಆಪರೇಷನ್. ಊರುಗೋಲು ಹಿಡಿದು ಅದೇ ರೂಮಿಗೆ ಬಂದಳು.

ಮೂರನೇ ವಾರ ನಾನು ಕಾಫಿ ತೆಗೆದುಕೊಂಡು ಹೋದಾಗ ಅವಳು ನೆಲದ ಮೇಲೆ ಮಲಗಿ ಕಾಲಿನ ವ್ಯಾಯಾಮ ಮಾಡುತ್ತಿದ್ದಳು. ಮಂಚದ ಪಕ್ಕ, ಎಡ ಮಗ್ಗುಲಾಗಿ. ತಲೆ ಎಲ್ಲಿ, ಪಾದ ಎಲ್ಲಿ ಎಂದು ನಾನು ನೋಡಿದೆ. ಒಂದು ಗೇಣೂ ಆಚೀಚೆ ಇರಲಿಲ್ಲ. ಅವಳು ಬರುವ ಮೊದಲೇ ಅವಳ ಜಾಗ ಅಲ್ಲಿ ಸಿದ್ಧವಾಗಿತ್ತು. ಕಾಫಿ ಲೋಟ ಮೇಜಿನ ಮೇಲಿಟ್ಟು ಹೊರಗೆ ಬಂದು ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ನಿಂತೆ.

ಒಂಬತ್ತು ತಿಂಗಳು ಹಾಗೇ ನಡೆಯಿತು. ಬೇರೆ ಕಡೆ ಮಲಗಿಕೋ ಎಂದರೆ "ಇಲ್ಲೇ ಸರಿಯಾಗುತ್ತೆ ಅಜ್ಜಿ" ಎನ್ನುತ್ತಿದ್ದಳು. ಡಿಸೆಂಬರಿನಲ್ಲಿ ಪೋರ್ಚುಗಲ್ಲಿನ ಒಂದು ಕ್ಲಬ್ಬು ಆರು ವಾರ ನೋಡುತ್ತೇವೆ, ಕಾಲು ತಾಳಿದರೆ ಇಟ್ಟುಕೊಳ್ಳುತ್ತೇವೆ ಎಂದಿತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಬಟ್ಟೆ ತುಂಬುತ್ತಾ ಇದ್ದವಳು ಇದ್ದಕ್ಕಿದ್ದಂತೆ ಕೂತಳು.

"ಅಜ್ಜಿ, ಈ ರೂಮ್ ನನ್ನ ಬಿಡ್ತಾ ಇಲ್ಲ."

"ರೂಮ್ ಏನ್ ಮಾಡುತ್ತೆ, ಗೋಡೆ."

"ಮೂರ್ ಸಲ ಹೋದೆ, ಮೂರ್ ಸಲ ಇಲ್ಲಿಗೇ ಬಂದೆ. ನೀವೆಲ್ಲ ಖುಷಿಯಾಗಿ ಬಂದ್ಲು ಬಂದ್ಲು ಅಂತೀರ. ನಂಗೆ ವಾಪಸ್ ಬರೋದು ಅಂದ್ರೆ ಏನ್ ಗೊತ್ತಾ? ಅವ್ರಿಗೆ ನಾನ್ ಬೇಡ ಅಂತ ಅರ್ಥ. ಇನ್ನೊಂದ್ ಸಲ ಬಂದ್ರೆ ಮುಗೀತು. ಮಂಡಿ ಹೋದ ಡಿಫೆಂಡರ್‌ನ ಯಾರೂ ಎರಡ್ ಸಲ ಕರೆಯಲ್ಲ."

ನಾನು ದಿನಾ ಕೇಳಿಕೊಂಡಿದ್ದು ಒಂದೇ, ಅವಳು ತಿರುಗಿ ಬರಲಿ ಎಂದು. ಬಂದಿದ್ದಳು. ಮೊದಲ ಸಲ ಟೀಮು ಬಿದ್ದು ಬಂದಳು, ಎರಡನೇ ಸಲ ಕೋಚು ಹೋಗಿ ಬಂದಳು, ಮೂರನೇ ಸಲ ಕಾಲು ಹರಿದುಕೊಂಡು ಬಂದಳು. ಕೇಳಿದ್ದನ್ನು ಯಾವ ದಾರಿಯಿಂದ ಕೊಡುತ್ತಾರೆ ಎಂದು ನಾನು ಕೇಳಿರಲಿಲ್ಲ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಎಲ್ಲ ಹೇಳಿದೆ. ಪೊರಕೆಯ ಮಾತು, ಆಮೆ ಅಂಗಾತ ಹಾಕಿದ್ದು, ಕರಿ ಕಾಳು ಸುರಿದದ್ದು.

ಅವಳು ಬಿದ್ದು ಬಿದ್ದು ನಕ್ಕಳು. "ಪಾಪ ಅದು! ಏನ್ ಅನ್ನುತ್ತೆ ಅದು ಆಗ?"

ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಬಂದ ಹಾಗೆ ಉಚ್ಚರಿಸಿದೆ. ಅವಳ ನಗು ನಿಂತಿತು.

"ಏನೇ ಅದು?"

"ನಾನು ಸಿಕ್ಕಾಕೊಂಡಿದೀನಿ, ಎತ್ತಿ ಬೇರೆ ಜಾಗದಲ್ಲಿ ಇಡಿ ಅಂತ." ಅವಳು ಕೈ ಚಾಚಿ ಕಾರ್ಪೆಟ್ಟಿನ ಆ ಜಾಗ ಮುಟ್ಟಿದಳು. ಬೆರಳಿಗೆ ಕರಿ ಕಾಳು ಹತ್ತಿತು. ತಿರುಗಿಸಿ ನೋಡಿದಳು. "ಈ ಸಲ ಗುಡಿಸು ಅಜ್ಜಿ."

"ಬಾಯ್ ಮುಚ್ಚೇ. ಹೆಣ ಹೋದ್ ಮೇಲೆ ಮಾಡೋ ಕೆಲಸ ಅದು."

"ಹೇಳಿದ್ಯಲ್ಲ, ಗೊತ್ತಾಯ್ತು. ಗುಡಿಸು."

"ನಿಮ್ಮಮ್ಮನ್ನ ಕೇಳ್ತೀನಿ ಇರು."

"ಅಮ್ಮನ್ನ ಕೇಳಿದ್ರೆ ಅಮ್ಮ ಅಳ್ತಾಳೆ. ನೀನ್ ಅಳಲ್ಲ. ಅದಕ್ಕೇ ನಿಂಗೆ ಹೇಳ್ತಿರೋದು."

ಮಾರನೇ ದಿನ ಹನ್ನೊಂದು ಗಂಟೆಗೆ ಹೊರಟರು. ಬಾಗಿಲಲ್ಲಿ ಅವಳು ನನ್ನ ಕಾಲಿಗೆ ಬೀಳಲಿಲ್ಲ, ಮಂಡಿ ಅಷ್ಟು ಬಗ್ಗುತ್ತಿರಲಿಲ್ಲ. ಕೈ ಹಿಡಿದುಕೊಂಡು ಒಂದು ಸಲ ಗಟ್ಟಿಯಾಗಿ ಅದುಮಿದಳು. ಕಾರು ಹೋಯಿತು. ಹೊಸ ಆಮೆ ಪೀಪ್ ಎಂದಿತು. ನಾನು ಅದನ್ನು ಮುಟ್ಟಲಿಲ್ಲ. ಮುಂಬಾಗಿಲು ಗುಡಿಸಿತು, ಹಾಲ್ ಗುಡಿಸಿತು, ಅವಳ ರೂಮಿಗೆ ಹೋಯಿತು. ನಾನೂ ಹಿಂದೆ ಹೋದೆ. ಮಂಚದ ಪಕ್ಕಕ್ಕೆ ಬಂದು ನಿಂತಿತು. ಮುಂದೆ ಹೋಗಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಹಾಕಿ ತನ್ನ ಮೂಲೆಗೆ ಹಿಂದಿರುಗಿತು.

ಅದರ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಗೊತ್ತಾಯಿತು. ಡಬ್ಲಿನ್ನಿನ ಇಂಡಿಯನ್ ಅಂಗಡಿಯಿಂದ ತಂದ ಕಡ್ಡಿ ಪೊರಕೆ ಹಿತ್ತಲಲ್ಲಿತ್ತು, ತಂದೆ. ನೆಲಕ್ಕೆ ಕೂತು ಕಾರ್ಪೆಟ್ಟನ್ನು ಎಳೆ ಎಳೆಯಾಗಿ ಕೆರೆದೆ. ನಾಲ್ಕು ವರ್ಷದ ಕಾಳು ಮೇಲೆ ಬಂತು. ಎಷ್ಟು ಬಂತೆಂದರೆ ನಾನು ಹಾಕಿದ್ದು ಅಷ್ಟಿರಲಿಲ್ಲ. ಗುಡಿಸಿದಷ್ಟೂ ಬರುತ್ತಿತ್ತು. ಅದು ಬೆಚ್ಚಗಿತ್ತು. ಹೀಟರ್ ಹಾಕಿರಲಿಲ್ಲ, ಹೊರಗೆ ಜನವರಿ, ಮನೆಯೆಲ್ಲ ತಣ್ಣಗಿತ್ತು, ಈ ಕಾಳು ಮಾತ್ರ ಆಗ ತಾನೇ ಎದ್ದುಹೋದವರ ಹಾಸಿಗೆಯ ಹಾಗೆ ಬೆಚ್ಚಗಿತ್ತು. ನನಗೆ ಭಯವಾಯಿತು ಎಂದು ಹೇಳುವುದಕ್ಕೆ ನಾಚಿಕೆ ಇಲ್ಲ. ಕೈ ಮಾತ್ರ ನಿಲ್ಲಲಿಲ್ಲ. ಇಪ್ಪತ್ತೆರಡು ವರ್ಷ ಗುಡಿಸಿದ ಕೈ, ಅರ್ಧಕ್ಕೆ ಬಿಡಲು ಅದಕ್ಕೆ ಬರುವುದಿಲ್ಲ.

ಮೊರಕ್ಕೆ ತುಂಬಿಕೊಂಡು ಮುಂಬಾಗಿಲಿನಿಂದ ಹೊರಗೆ ಹೋದೆ. ಚಪ್ಪಲಿ ಹಾಕಿಕೊಂಡಿರಲಿಲ್ಲ. ಬಯಲಿನ ಅಂಚಿನಲ್ಲಿ ಹುಲ್ಲಿನ ಮೇಲೆ ಕೊಡವಿದೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಪಕ್ಕದ ಮನೆಯವಳು ಕೈ ಎತ್ತಿದಳು, ನಾನೂ ಎತ್ತಿದೆ. ಅವಳ ನಾಯಿ ನನ್ನ ಕಡೆ ಬರಲಿಲ್ಲ, ಹಗ್ಗ ಜಗ್ಗಿ ಆಚೆಗೇ ಎಳೆಯಿತು. ಒಳಗೆ ಬಂದು ಹಾಲಿನ ನೆಲ ಒರೆಸಿದೆ. ತಲೆಗೆ ನೀರು ಹಾಕಿಕೊಂಡೆ. ಸತ್ತವರ ತಲೆಯಿಟ್ಟ ಜಾಗದಲ್ಲಿ ದೀಪ ಹಚ್ಚುವುದೊಂದು ಉಳಿದಿತ್ತು. ಅದನ್ನು ಮಾಡಲಿಲ್ಲ. ಅಷ್ಟಕ್ಕೆ ನಿಲ್ಲಿಸಿದೆ.

ಏರ್‌ಪೋರ್ಟಿನಿಂದ ಬಂದ ಮಗಳು ನನ್ನ ಒದ್ದೆ ಕೂದಲು ನೋಡಿದಳು.

"ಏನಮ್ಮ, ಇವತ್ ತಲೆಗೆ ಸ್ನಾನ? ಶುಕ್ರವಾರ ಅಲ್ವಲ್ಲ."

"ಕೆರೀತಿತ್ತು ಕಣೇ," ಎಂದೆ. ಇದೊಂದು ಸುಳ್ಳು ಲೆಕ್ಕಕ್ಕಿರಲಿ.

ಆರು ವಾರಕ್ಕೆ ಪೋರ್ಚುಗಲ್ಲಿನವರು ಇಟ್ಟುಕೊಂಡರು. ಮೊದಲು ಒಂದು ವರ್ಷ, ಆಮೇಲೆ ಎರಡು. ಕಾಲು ಗಟ್ಟಿಯಾಗಿದೆ. ಪಂದ್ಯದಲ್ಲಿ ಅವಳ ಹೆಸರು ಕೇಳಿಸುವುದೇ ಇಲ್ಲ. ಅವಳು ಮನೆಗೂ ಬಂದಿಲ್ಲ. ಬರುವುದಿಲ್ಲ ಎಂದು ಹೇಳಿದವಳಲ್ಲ. ಮೊದಲ ಕ್ರಿಸ್‌ಮಸ್ಸಿಗೆ ಹೊರಟಳು, ಬಿರುಗಾಳಿಗೆ ವಿಮಾನ ಡಬ್ಲಿನ್ನಿನ ಮೇಲೆ ಸುತ್ತು ಹಾಕಿ, ಇಳಿಯಲಾರದೆ ಬಂದ ದಾರಿಗೇ ಹೋಯಿತು. ಬೇಸಗೆಯಲ್ಲಿ ಅಲ್ಲಿನ ಏರ್‌ಪೋರ್ಟಿನವರೆಗೆ ಹೋಗಿ ನೋಡಿದರೆ ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಇಲ್ಲ, ಆಮೇಲೆ ಅದೇ ಬ್ಯಾಗಿನಲ್ಲಿ ಸಿಕ್ಕಿತು. ಮೂರನೇ ಸಲ ಹೊರಡುವ ದಿನ ಬೆಳಿಗ್ಗೆ ಜ್ವರ. ಮಗಳೂ ಅಳಿಯನೂ ತಾವೇ ಹೋಗಿ ನೋಡಿಕೊಂಡು ಬಂದರು. "ಮೈಕೈ ತುಂಬ್ಕೊಂಡಿದಾಳಮ್ಮ," ಎಂದು ಮಗಳು ಸಂತೋಷಪಟ್ಟಳು. ಅವಳ ರೂಮಿನಲ್ಲಿ ಆಮೆ ಈಗ ಎಲ್ಲ ಕಡೆಗೂ ಹೋಗುತ್ತದೆ. ಎಲ್ಲಿಯೂ ತಡೆಯುವುದಿಲ್ಲ.

ಹೋದ ಭಾನುವಾರ ಮನೆಯ ಲ್ಯಾಪ್‌ಟಾಪಿಗೆ ವಿಡಿಯೋ ಕಾಲ್ ಮಾಡಿದಳು. ಮಗಳು ಡ್ಯೂಟಿಗೆ ಹೋಗಿದ್ದಳು, ನಾನೇ ಎತ್ತಿಕೊಂಡೆ. ಊಟ ಆಯಿತಾ, ಏನು ಸಾರು ಎಂದೆಲ್ಲ ಕೇಳಿದಳು.

"ಅಜ್ಜಿ, ಅವತ್ತು ಗುಡಿಸಿದ್ಯಲ್ವಾ?"

"ಗುಡಿಸಿದೆ."

"ಪೂರ್ತಿ?"

"ನಾನ್ ಯಾವತ್ತು ಅರ್ಧ ಗುಡಿಸಿದೀನಿ?"

ಅವಳು ನಕ್ಕಳು ಅನಿಸಿತು. ಮುಖ ಕಾಣುತ್ತಿತ್ತು, ಆದರೆ ನಗು ಸ್ವಲ್ಪ ತಡವಾಗಿ ಬರುತ್ತಿತ್ತು. "ಈಗ ನಂಗೆ ಬರ್ಬೇಕು ಅನ್ಸಿದ್ರೆ? ಸುಮ್ನೆ, ಎರಡ್ ದಿನಕ್ಕೆ. ಏನ್ ಮಾಡ್ಬೇಕು?"

ಛತ್ರದಲ್ಲಿ, ಸತ್ತವರ ಮನೆಗಳಲ್ಲಿ, ಇಷ್ಟು ವರ್ಷ ಗುಡಿಸಿದ್ದೇನೆ. ಹೋದವರು ಯಾರೂ ನನ್ನ ಹತ್ತಿರ ಇದನ್ನು ಕೇಳಿರಲಿಲ್ಲ. "ನಂಗೊತ್ತಿಲ್ಲ ಮಗ," ಎಂದೆ. "ಆಟ ಇನ್ನೆಷ್ಟ್ ವರ್ಷ ಐತೆ?"

"ಕಾಲು ಚೆನ್ನಾಗಿದ್ರೆ ಏಳೆಂಟು."

ನನಗೆ ಎಪ್ಪತ್ತೈದು. ಅವಳೂ ಆ ಲೆಕ್ಕ ಹಾಕಿರಬೇಕು. ಹಿಂದಿನಿಂದ ಯಾರೋ ಆ ಕಡೆಯ ಭಾಷೆಯಲ್ಲಿ ಅವಳನ್ನು ಕರೆದರು. ಅವಳು ಅದೇ ಭಾಷೆಯಲ್ಲಿ ಕೂಗಿ ಉತ್ತರ ಕೊಟ್ಟಳು, ನೀರು ಕುಡಿದಷ್ಟು ಸಲೀಸಾಗಿ.

"ಆಡು," ಎಂದೆ. "ಚೆನ್ನಾಗಿ ಆಡು. ಹೋಗು, ಕರೀತಿದಾರೆ."